ಅತ್ತೆಯ ತವರಿಗೆ ಕಡಲ ದಾರಿ

ಮೂರು ದಿನ ಒಟ್ಟಿಗೆ ರಜೆ ಬಂತೆಂದರೆ ಮನೆಯವರಿಗೆಲ್ಲ ಹಬ್ಬ. ನಮ್ಮಂಥ ಗೃಹಿಣಿಯರಿಗೆ ಮಾತ್ರ ಮೂರು ದಿನ ಹೆಚ್ಚಿನ ಅಡಿಗೆ! 2026ರ ಜನವರಿ 26 ಸೋಮವಾರ ಬಂದಿತ್ತು. ಶನಿವಾರ, ಭಾನುವಾರ ಸೇರಿದರೆ ಮೂರು ದಿನ. ಅದೇ ತಾನೇ ನನ್ನ ಚೀಟಿಯ ಹಣವೂ ಕೈಗೆ ಬಂದಿತ್ತು. "ಈ ಸಲ ಒಲೆ ಹಚ್ಚೋದಿಲ್ಲ, ಎಲ್ಲಾದರೂ ಹೋಗಿ ಬರೋಣ ಕಣ್ರೀ" ಎಂದೆ ನಮ್ಮವರಿಗೆ. ಮಗಳು ಗೋವಾ ಎಂದಳು. ನಮ್ಮವರು ಧರ್ಮಸ್ಥಳ ಎಂದರು. ಅವರೆಕಾಯಿ ಸುಲಿಯುತ್ತಿದ್ದ ನಮ್ಮ ಅತ್ತೆ ತಲೆ ಎತ್ತದೆಯೇ, "ಕುಮಟೆ ಕಡೆ ಹೋದರೆ ಸಮುದ್ರ ನೋಡಿದ ಹಾಗೂ ಆಗತ್ತೆ" ಎಂದರು.

ಕುಮಟೆಯ ಹತ್ತಿರ, ಅಘನಾಶಿನಿ ಹೊಳೆಯ ದಂಡೆಯ ಒಂದು ಸಣ್ಣ ಊರು ಅತ್ತೆಯ ತವರು. 1966ರಲ್ಲಿ, ಹದಿನೆಂಟು ವರ್ಷಕ್ಕೆ, ಘಟ್ಟ ಹತ್ತಿ ನಮ್ಮ ತರೀಕೆರೆಗೆ ಸೊಸೆಯಾಗಿ ಬಂದವರು. ಈಗ ಅವರಿಗೆ ಎಪ್ಪತ್ತೆಂಟು. ತವರನ್ನು ಕೊನೆಯ ಸಲ ನೋಡಿದ್ದು 1998ರಲ್ಲಿ, ಅವರ ತಾಯಿ ತೀರಿಕೊಂಡಾಗ. ನಾನು ಈ ಮನೆಗೆ ಬಂದ ಮೇಲೆ ಅವರು ಮೂರು ಸಲ ಕೇಳಿದ್ದುಂಟು. ಒಮ್ಮೆ ಮನೆಗೆ ಸುಣ್ಣಬಣ್ಣದ ಕೆಲಸ, ಒಮ್ಮೆ ಮಗಳ ಎಸ್.ಎಸ್.ಎಲ್.ಸಿ. ಪರೀಕ್ಷೆ, ಇನ್ನೊಮ್ಮೆ ನನ್ನ ತಮ್ಮನ ಮದುವೆ. ಆಮೇಲೆ ಅವರು ಕೇಳುವುದನ್ನೇ ಬಿಟ್ಟರು. 2021ರಲ್ಲಿ ಕೊರೊನಾ ಕಾಲದಲ್ಲಿ ಅವರ ತಮ್ಮ ತೀರಿಕೊಂಡರು. ಲಾಕ್‌ಡೌನ್ ಇತ್ತು, ಮುಖ ನೋಡಲೂ ಹೋಗಲಾಗಲಿಲ್ಲ. ಈಗ ಇಷ್ಟು ವರ್ಷದ ಮೇಲೆ ನಾಲ್ಕನೆಯ ಸಲ ಕೇಳಿದ್ದರು, ಅದೂ ಸಮುದ್ರದ ನೆಪ ಮುಂದಿಟ್ಟು!

ಘಟ್ಟ ಇಳಿದು

ಶನಿವಾರ ನಸುಕಿನಲ್ಲೇ ನಮ್ಮ ಹಳೆಯ ಪುಟ್ಟ ಕಾರಿನಲ್ಲಿ ಹೊರಟೆವು. ಡಬ್ಬಿಯಲ್ಲಿ ಚಪಾತಿ, ಚಟ್ನಿಪುಡಿ, ಪುಳಿಯೋಗರೆ. ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಆಗುಂಬೆಗೆ ಬರುವ ಹೊತ್ತಿಗೆ ಮಂಜು ಕರಗುತ್ತಿತ್ತು. ಶಂಕರನಾಗ್ ಅವರು 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದ್ದು ಈ ಊರಿನಲ್ಲೇ. ಇಲ್ಲಿಂದ ಹದಿನಾಲ್ಕು ಕಡಿದಾದ ತಿರುವುಗಳಲ್ಲಿ ರಸ್ತೆ ಕೆಳಗಿಳಿಯುತ್ತದೆ. ಮಗಳಿಗೆ ಹೊಟ್ಟೆ ತೊಳಸಿತು. ಅತ್ತೆ ಸೆರಗಿನ ಗಂಟಿನಿಂದ ಒಣಶುಂಠಿ ತೆಗೆದುಕೊಟ್ಟು, "ಬಾಯಲ್ಲಿಟ್ಟುಕೋ, ದೂರ ನೋಡು" ಎಂದರು. ಎಪ್ಪತ್ತೆಂಟರ ಅಜ್ಜಿಗೆ ಏನೂ ಆಗಲಿಲ್ಲ, ಇಪ್ಪತ್ತೆರಡರ ಮೊಮ್ಮಗಳು ಸೋತಿದ್ದಳು!

ಉಡುಪಿಯಲ್ಲಿ ಪರ್ಯಾಯದ ಸಂಭ್ರಮ ಇನ್ನೂ ಆರಿರಲಿಲ್ಲ. ಮಧ್ವಾಚಾರ್ಯರು ಹದಿಮೂರನೆಯ ಶತಮಾನದಲ್ಲಿ ಪ್ರತಿಷ್ಠೆ ಮಾಡಿದ ಕೃಷ್ಣನ ಪೂಜೆ ಎಂಟು ಮಠಗಳಲ್ಲಿ ಎರಡೆರಡು ವರ್ಷಕ್ಕೊಂದರ ಪಾಲು. ಜನವರಿ 18ರಂದು ಈ ಅಧಿಕಾರ ಕೈ ಬದಲಾಗುತ್ತದೆ. ನಾವು ಹೋದದ್ದು ಅದಾದ ವಾರಕ್ಕೆ. ಬೆಳ್ಳಿಯ ಒಂಬತ್ತು ತೂತುಗಳ ಕಿಂಡಿಯಿಂದ ಕೃಷ್ಣನನ್ನು ನೋಡಿ, ಹೊರಗೆ ಬಂದು ಕನಕನ ಕಿಂಡಿಗೂ ಕೈ ಮುಗಿದೆವು. ಮಧ್ಯಾಹ್ನದ ಊಟದಲ್ಲಿ ಮಟ್ಟುಗುಳ್ಳದ ಹುಳಿ. ದುಂಡಗೆ, ಹಸಿರಾಗಿರುವ ಈ ಬದನೆ ಹತ್ತಿರದ ಮಟ್ಟು ಊರಿನದು. ಬೀಜವನ್ನು ವಾದಿರಾಜ ಸ್ವಾಮಿಗಳು ಕೊಟ್ಟರೆಂದು ಪ್ರತೀತಿ. ಬೆಂದರೂ ಕರಗದೆ ಹೋಳು ಹೋಳಾಗಿಯೇ ಇತ್ತು.

ರಥಬೀದಿಯಲ್ಲಿ ಮಲ್ಲಿಗೆ ಕೊಳ್ಳಲು ಹೋಗಿ ಪೆದ್ದಿಯಾದೆ. ನಮ್ಮ ಕಡೆಯಂತೆ "ಮೊಳ ಎಷ್ಟಮ್ಮ?" ಎಂದರೆ ಹೂವಿನವಳು ನಕ್ಕಳು. ಇಲ್ಲಿ ಲೆಕ್ಕ ಚೆಂಡು, ಅಟ್ಟೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಶಂಕರಪುರದ ಸುತ್ತಮುತ್ತ ಎಷ್ಟೋ ಮನೆಗಳ ಹೆಂಗಸರು ಅಂಗಳದಲ್ಲಿ ಬೆಳೆದು, ಬಾಳೆನಾರಿನಲ್ಲಿ ಕಟ್ಟಿ ಕಳಿಸುವ ಹೂವಿದು. ಹಿತ್ತಿಲ ಗಿಡದಿಂದ ಮಕ್ಕಳ ಫೀಸು ಕಟ್ಟಿದವರಿದ್ದಾರೆ ಎಂದು ಹೂವಿನವಳು ಹೆಮ್ಮೆಯಿಂದ ಹೇಳಿದಳು.

ಎಡಕ್ಕೆ ಕಡಲು, ಬಲಕ್ಕೆ ಹೊಳೆ

ಭಾನುವಾರ ಬೆಳಿಗ್ಗೆ ನೀರುದೋಸೆ ತಿಂದು ಉತ್ತರಕ್ಕೆ ಹೊರಟೆವು. ಕುಂದಾಪುರ ದಾಟಿ ಸ್ವಲ್ಪ ದೂರಕ್ಕೆ ಮರವಂತೆ. ಓದಿದ್ದೆ, ಚಿತ್ರದಲ್ಲಿ ನೋಡಿದ್ದೆ. ಆದರೂ ಆ ಕ್ಷಣಕ್ಕೆ ಉಸಿರು ನಿಂತ ಹಾಗಾಯಿತು. ರಸ್ತೆಯ ಎಡಕ್ಕೆ ಅಬ್ಬರಿಸುವ ಅರಬ್ಬೀ ಸಮುದ್ರ, ಬಲಕ್ಕೆ ಕನ್ನಡಿಯಂಥ ಸೌಪರ್ಣಿಕಾ ಹೊಳೆ. ಕಡಲಕೊರೆತ ತಡೆಯಲು ದಂಡೆಯುದ್ದಕ್ಕೂ ಬಂಡೆಗಳನ್ನು ಪೇರಿಸಿದ್ದಾರೆ. ಅತ್ತೆ ಕಾರಿನಿಂದಿಳಿದು ಒಂದೂ ಮಾತಾಡದೆ ನಿಂತರು. ಆಮೇಲೆ ಮೂಗರಳಿಸಿ, "ಇದೇ ವಾಸನೆ" ಎಂದರು. ನನಗೆ ಬರೀ ಉಪ್ಪುಗಾಳಿ, ಅವರಿಗೆ ಇನ್ನೇನೋ.

ಮುರುಡೇಶ್ವರದಲ್ಲಿ 123 ಅಡಿಯ ಶಿವ, 20 ಅಂತಸ್ತಿನ ರಾಜಗೋಪುರ. ಲಿಫ್ಟಿನಲ್ಲಿ ಮೇಲೆ ಹೋಗಿ ನೋಡಿದರೆ ಮೂರು ಕಡೆಯೂ ನೀಲಿ ನೀರು. ಮಗಳು ನೀರಿಗಿಳಿಯುತ್ತೇನೆಂದು ಹಟ ಹಿಡಿದಾಗ ಮಾತ್ರ ನಾನು ಬಿಡಲಿಲ್ಲ. 2024ರ ಡಿಸೆಂಬರಿನಲ್ಲಿ ಶಾಲೆಯ ಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಕಿಯರು ಇದೇ ಕಡಲಿನಲ್ಲಿ ಮುಳುಗಿ ಹೋದರು. ಕಾವಲಿನವರು ತೋರಿಸಿದ ಜಾಗದಲ್ಲಿ, ಮೊಣಕಾಲು ನೆನೆಯುವಷ್ಟು, ಅದೂ ನನ್ನ ಕೈ ಹಿಡಿದು ಎಂದೆ. ಮುಖ ಊದಿಸಿಕೊಂಡರೂ ಒಪ್ಪಿದಳು.

ಇಡಗುಂಜಿಯಲ್ಲಿ ನಿಂತಿರುವ ಎರಡು ಕೈಗಳ ಗಣಪತಿಗೆ ನಮಸ್ಕರಿಸಿ ಹೊನ್ನಾವರದ ಶರಾವತಿ ಸೇತುವೆಗೆ ಬಂದೆವು. ಆಚೆಗೆ ಕೊಂಕಣ ರೈಲಿನ ಸೇತುವೆ, ಎರಡು ಕಿಲೋಮೀಟರಿಗೂ ಉದ್ದ. "ನಾವು ಚಿಕ್ಕವರಿದ್ದಾಗ ಇಡಗುಂಜಿಗೆ ದೋಣಿ ಹತ್ತಿ ಬರ್ತಿದ್ವಿ. ತಮ್ಮ ಹೆದರಿ ನನ್ನ ಲಂಗ ಹಿಡಕೊಂಡು ಕೂತಿರ್ತಿದ್ದ" ಎಂದರು ಅತ್ತೆ. ಇಪ್ಪತ್ತೈದು ವರ್ಷ ಒಂದೇ ಅಡಿಗೆಮನೆಯಲ್ಲಿ ಕಳೆದರೂ ಈ ಮಾತು ನಾನು ಕೇಳಿರಲಿಲ್ಲ. ಕೇಳಿರಲಿಲ್ಲ ಎಂದರೆ, ನಾನಾಗಿ ವಿಚಾರಿಸಿಯೇ ಇರಲಿಲ್ಲ. ಅಂದು ಕುಮಟೆಯಲ್ಲಿ ತಂಗಿದೆವು.

ಮೆಣಸಿನ ರಾಣಿಯ ಕೋಟೆ

ಸೋಮವಾರ ಬೆಳಿಗ್ಗೆ ಮಿರ್ಜಾನ್ ಕೋಟೆ. ಚಿರೇಕಲ್ಲಿನ ಗೋಡೆಗೆ ಪಾಚಿ ಹಿಡಿದು, ಸುತ್ತ ಕಂದಕ, ಒಳಗೆ ಬಾವಿಗಳು. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕೈಯಲ್ಲಿದ್ದ ಕೋಟೆಯಿದು. ಘಟ್ಟದ ಕಾಳುಮೆಣಸು ಹೊಳೆಯಿಳಿದು ಹಡಗು ಹತ್ತುತ್ತಿದ್ದ ಸೀಮೆ. ಪೋರ್ಚುಗೀಸರು ಆಕೆಯನ್ನು 'ಮೆಣಸಿನ ರಾಣಿ' ಎಂದೇ ಕರೆದರು. ಅರ್ಧ ಶತಮಾನದಷ್ಟು ಕಾಲ ಒಬ್ಬ ಹೆಂಗಸು ರಾಜ್ಯವಾಳಿದಳೆಂದು ಮಗಳಿಗೆ ಹೇಳಿದರೆ, "ಇದನ್ನ ನಮ್ಮ ಪುಸ್ತಕದಲ್ಲಿ ಯಾಕಮ್ಮ ದೊಡ್ಡದಾಗಿ ಹಾಕಲ್ಲ?" ಎಂದಳು. ನಾನೇನು ಉತ್ತರ ಕೊಡಲಿ?

ಇದೇ ಹೆದ್ದಾರಿಯಲ್ಲಿ ಮುಂದೆ ಅಂಕೋಲೆಯ ಕಡೆಗೆ ಶಿರೂರು. 2024ರ ಜುಲೈ 16ರಂದು ಗುಡ್ಡ ಕುಸಿದು ರಸ್ತೆಬದಿಯ ಚಹದಂಗಡಿಯನ್ನೂ ಜೀವಗಳನ್ನೂ ಹೊತ್ತೊಯ್ದ ಜಾಗ. ರಸ್ತೆ ಅಗಲವಾದಷ್ಟೂ ಪ್ರಯಾಣ ಹಗುರ, ನಿಜ. ಆದರೆ ಕಡಿದ ಗುಡ್ಡದ ಕೆಳಗೆ ಹೋಗುವಾಗೆಲ್ಲ ಎದೆ ಡವಗುಟ್ಟುತ್ತದೆ.

ಬಾವಿಕಟ್ಟೆಯ ಮೇಲೆ

ಆಮೇಲೆ ಅತ್ತೆಯ ಊರು. ತಮ್ಮ ಹೋದ ಮೇಲೆ ಅವರ ಮಗ ಮನೆ ಮಾರಿ ಬೆಂಗಳೂರು ಸೇರಿದ್ದ. ಹೆಂಚಿನ ಮನೆಯಿದ್ದಲ್ಲಿ ಈಗ ತಾರಸಿ ಮನೆ. ಅತ್ತೆ ಮುಂಬಾಗಿಲಿಗೆ ಹೋಗಲೇ ಇಲ್ಲ. ಪಕ್ಕದಿಂದ ನೆಟ್ಟಗೆ ಹಿತ್ತಿಲಿಗೆ ನಡೆದರು. ಚಿರೇಕಲ್ಲಿನ ಬಾವಿ ಹಾಗೇ ಇತ್ತು. ಹಗ್ಗ ಬಿಟ್ಟು, ಒಂದು ಕೊಡ ಸೇದಿ, ಮುಖ ತೊಳೆದುಕೊಂಡು ಕಟ್ಟೆಯ ಮೇಲೆ ಕೂತರು. ಮನೆಯಾಕೆ ಗಾಬರಿಯಾಗಿ ಹೊರಗೆ ಬಂದಳು. ನಾನು ವಿಷಯ ಹೇಳಿದೆ. ಆಕೆ ಒಳಗೆ ಓಡಿ ಮುರುಗಲು ಪಾನಕ ತಂದಳು. ಆಕೆಯೊಡನೆ ಮಾತಿಗಿಳಿದ ಅತ್ತೆಯ ಧಾಟಿಯೇ ಬದಲಾಯಿತು. ಅರವತ್ತು ವರ್ಷ ನಮ್ಮೂರಿನ ಮಾತಾಡಿದ ನಾಲಿಗೆ ಎರಡು ನಿಮಿಷದಲ್ಲಿ ಊರಿನ ಮಾತಿಗೆ ಮರಳಿತ್ತು.

ಲೋಟ ಕೆಳಗಿಟ್ಟು ಅತ್ತೆ ನನ್ನ ಕಡೆ ನೋಡದೆಯೇ ಹೇಳಿದರು: "ಅವನು ಇದ್ದಾಗ ಬರಬೇಕಿತ್ತು ಕಣೆ."

ಬೈಗುಳವಲ್ಲ, ದೂರೂ ಅಲ್ಲ. ಬೈದಿದ್ದರೆ ಎದುರುತ್ತರ ಕೊಡಬಹುದಿತ್ತು. ನನ್ನ ತಮ್ಮನ ಮದುವೆಗೆ ವಾರ ಮೊದಲೇ ಹೊರಟು ನಿಂತವಳು ನಾನು; ಅವರ ತಮ್ಮನನ್ನು ನೋಡಲು ಒಂದು ದಿನ ಹೊಂದಿಸದವಳೂ ನಾನೇ. "ತಪ್ಪಾಯ್ತು ಅತ್ತೆ" ಎಂದೆ. ಅವರು ನನ್ನ ಕೈ ಮೇಲೆ ಒದ್ದೆ ಕೈಯಿಟ್ಟು, "ಈಗ ಬಂದೆವಲ್ಲ" ಎಂದರಷ್ಟೆ.

ಹೊರಡುವಾಗ ಮನೆಯಾಕೆ ಒಂದು ತೆಂಗಿನಕಾಯಿ, ಒಣಗಿಸಿದ ಮುರುಗಲು ಸಿಪ್ಪೆ ತಂದು ಅತ್ತೆಯ ಸೆರಗಿಗೆ ಹಾಕಿದಳು. "ತವರಿಗೆ ಬಂದ ಹೆಣ್ಣುಮಗಳು ಬರಿಗೈಲಿ ಹೋಗಬಾರದು" ಎಂದಳು. ಗುರುತು ಪರಿಚಯವಿಲ್ಲದ ಆ ತಾಯಿಗೆ ತಿಳಿದದ್ದು ನನಗೆ ತಿಳಿಯಲು ಇಪ್ಪತ್ತೈದು ವರ್ಷ ಬೇಕಾಯಿತು!

ಗೇರುಸೊಪ್ಪೆ, ಜೋಗ, ಸಾಗರದ ದಾರಿಯಾಗಿ ರಾತ್ರಿ ಮನೆ ಮುಟ್ಟಿದೆವು. ಸೋದರಿಯರೇ, ನಮ್ಮ ತವರಿನ ದಾರಿ ನಮಗೆ ಕಣ್ಣು ಕಟ್ಟಿದರೂ ಗೊತ್ತು. ಮನೆಯಲ್ಲಿರುವ ಹಿರಿಯಾಕೆಗೂ ಒಂದು ತವರಿತ್ತು ಎಂಬುದನ್ನು ನಾವೇ ನೆನೆಸಬೇಕು. ಅವರು ಕೇಳುವುದನ್ನು ಬಿಡುವ ಮುಂಚೆಯೇ ಹೊರಡಿ.

ಹೊರಡುವವರಿಗೆ ನಾಲ್ಕು ಮಾತು

● ಅಕ್ಟೋಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಕಡಲಿಗಿಳಿಯುವುದು ಬೇಡ, ಘಟ್ಟದ ರಸ್ತೆ ತೆರೆದಿದೆಯೇ ಎಂದು ಮೊದಲೇ ವಿಚಾರಿಸಿ.
● ಸಾಲುರಜೆಯಲ್ಲಿ ಕೋಣೆ ಸಿಗುವುದು ಕಷ್ಟ, ಮುಂಚೆಯೇ ಗೊತ್ತುಮಾಡಿ. ವಯಸ್ಸಾದವರಿದ್ದರೆ ಕೆಳಮಹಡಿಯನ್ನೇ ಕೇಳಿ.
● ಹಿರಿಯರಿದ್ದರೆ ಗಂಟೆ, ಒಂದೂವರೆ ಗಂಟೆಗೊಮ್ಮೆ ಕಾರು ನಿಲ್ಲಿಸಿ. ಗುಳಿಗೆ, ನೀರು ಕೈಗೆಟುಕುವಂತಿರಲಿ.
● ಮಿರ್ಜಾನ್ ಕೋಟೆಯಲ್ಲಿ ಬಿಸಿಲು ಜೋರು. ಬೆಳಿಗ್ಗೆಯೇ ನೋಡಿಬಿಡಿ.

ಅತ್ತೆಯ ಮುರುಗಲು ಸಾರು

ನಾನು ಹುಣಸೆಹಣ್ಣಿನ ಸಾರು ಎಷ್ಟೇ ಚೆನ್ನಾಗಿ ಮಾಡಿದರೂ "ಮುರುಗಲಿನ ರುಚಿ ಬಾರದು" ಎನ್ನುತ್ತಿದ್ದರು ಅತ್ತೆ. ಅದನ್ನು ಕೊಂಕು ಎಂದುಕೊಂಡಿದ್ದೆ. ಮರುದಿನ ಅವರೇ ಒಲೆಯ ಮುಂದೆ ನಿಂತು ಕಲಿಸಿದರು.

ಎಂಟು ಹತ್ತು ಒಣ ಮುರುಗಲು ಸಿಪ್ಪೆಯನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಕಿವುಚಿ ರಸ ತೆಗೆಯಿರಿ. ನಾಲ್ಕು ಲೋಟ ನೀರು, ನಿಂಬೆಗಾತ್ರದ ಬೆಲ್ಲ, ಸೀಳಿದ ಎರಡು ಹಸಿಮೆಣಸಿನಕಾಯಿ, ಉಪ್ಪು ಹಾಕಿ ಕುದಿಸಿ. ಸಿಪ್ಪೆಯಲ್ಲೇ ಉಪ್ಪಿದ್ದೀತು, ರುಚಿ ನೋಡಿ ಹಾಕಿ. ತೆಂಗಿನೆಣ್ಣೆಯಲ್ಲಿ ಸಾಸಿವೆ, ಜೀರಿಗೆ, ಕರಿಬೇವಿನ ಒಗ್ಗರಣೆ ಕೊಡಿ. ಬಿಸಿ ಅನ್ನಕ್ಕೂ ಸರಿ, ಲೋಟದಲ್ಲಿ ಕುಡಿಯಲೂ ಸರಿ. ಒಗ್ಗರಣೆಗೆ ಬೇರೆ ಎಣ್ಣೆ ಮಾತ್ರ ಬೇಡ. ನಮ್ಮ ಅತ್ತೆ ಒಪ್ಪುವುದಿಲ್ಲ!