ಪಟ್ಟಿ ಎಣಿಸಿ ಜೀಪು ಕೊಂಡ ಕಥೆ

ಎರಡು ಮಳೆಗಾಲದ ಹಿಂದೆ, ಜುಲೈ ತಿಂಗಳ ಒಂದು ಬೆಳಿಗ್ಗೆ, ನಾವು ಐದು ಜನ ಸೇರಿ ಅಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಕುರ್ಚಿಗೆ ಎರಡು ಬಿದಿರು ಕಟ್ಟಿ, ಡಾಂಬರು ರಸ್ತೆವರೆಗೆ ಹೊತ್ತುಕೊಂಡು ಬಂದೆವು. ಅಡಿಕೆ ಅಂಗಳದಲ್ಲಿ ಜಾರಿ ಬಿದ್ದು ಅವಳ ಸೊಂಟದ ಮೂಳೆ ಮುರಿದಿತ್ತು. ಕಳಸದ ಕಡೆಯ ನಮ್ಮ ಮನೆಯಿಂದ ಡಾಂಬರಿಗೆ ಮೂರೂವರೆ ಕಿಲೋಮೀಟರ್. ಆಟೋದವರು ಮೇ ಕೊನೆಗೇ ಒಳಗೆ ಬರುವುದನ್ನು ನಿಲ್ಲಿಸಿರುತ್ತಾರೆ. ತಪ್ಪು ಅವರದ್ದಲ್ಲ. ಆ ರಸ್ತೆಯನ್ನು ನೋಡಿದರೆ ನೀವೂ ಬರುವುದಿಲ್ಲ.

ಆಪರೇಷನ್ ಆಯಿತು. ಅಣ್ಣ ಬೆಂಗಳೂರಿನಿಂದ ಬಂದವನು ಆಸ್ಪತ್ರೆಯ ಕಾರಿಡಾರಿನಲ್ಲೇ ತೀರ್ಮಾನ ಹೇಳಿದ: "ಇನ್ನು ಅಮ್ಮ ನನ್ನ ಜೊತೆ. ಆ ಮನೆಗೆ ವಾಪಸ್ ಕಳಿಸಲ್ಲ." ಅಮ್ಮ ಗೋಡೆ ಕಡೆ ತಿರುಗಿ ಮಲಗಿದಳು. ಅವಳಿಗೆ ಬೆಂಗಳೂರಿನ ಮೂರನೇ ಮಹಡಿ ಗೊತ್ತು. ಅಲ್ಲಿ ಅವಳು ಹದಿನೈದು ದಿನ ಇದ್ದರೆ ಹದಿನಾರನೇ ದಿನ ಜ್ವರ ಬರುತ್ತದೆ.

"ತಿಂಗಳಿಗೆ ಎರಡು ಸಲ ಅವಳನ್ನು ತೋರಿಸಲಿಕ್ಕೆ ನಾನು ಕರ್ಕೊಂಡು ಬರ್ತೀನಿ, ಮಳೆ ಇರಲಿ ಬಿಡಲಿ" ಅಂತ ನಾನು ಹೇಳಿಬಿಟ್ಟೆ. ಹೇಳುವಾಗ ನನ್ನ ಹತ್ತಿರ ಇದ್ದದ್ದು ಒಂದು ಬೈಕು. ಹೊಸ ಫೋರ್ ವೀಲ್ ಡ್ರೈವ್ ಗಾಡಿಯ ಬೆಲೆ ಕೇಳಿದರೆ ತೋಟದ ಒಂದು ಮೂಲೆ ಮಾರಬೇಕಿತ್ತು. ಹಾಗಾಗಿ ಹಳೇ ಜೀಪು ಹುಡುಕಲು ಹೊರಟೆ.

ಮಲೆನಾಡಿನಲ್ಲಿ ಜೀಪು ಹುಡುಕುವುದು ಕಷ್ಟವಲ್ಲ, ಒಳ್ಳೆಯದನ್ನು ಹುಡುಕುವುದು ಕಷ್ಟ. ಮಹೀಂದ್ರಾದವರು ವಿಲ್ಲಿಸ್ ಜೀಪನ್ನು ಇಲ್ಲಿ ಜೋಡಿಸಲು ಶುರು ಮಾಡಿದ್ದು 1947ರಲ್ಲಿ. ಅಲ್ಲಿಂದ ಈಚೆಗೆ ಬಂದ ಎಷ್ಟೋ ಮಾದರಿಗಳು ಕಾಫಿ ತೋಟಗಳಲ್ಲಿ ಇನ್ನೂ ಉಸಿರಾಡುತ್ತಿವೆ. ನನ್ನ ಜೊತೆ ಬಂದದ್ದು ಊರಿನ ಹಳೇ ಮೇಸ್ತ್ರಿ. ಮೂರು ಗಾಡಿ ನೋಡಿದೆವು.

ಮೊದಲನೆಯದು ಎತ್ತರದ ಬಾನೆಟ್ಟಿನ ಸಿಜೆ 3ಬಿ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 80 ಇಂಚು, ಅಂದರೆ ಸುಮಾರು 2030 ಮಿಲಿಮೀಟರ್. ನೋಡಲಿಕ್ಕೆ ಮುದ್ದಾದ ಗಾಡಿ. ನಮ್ಮ ಮನೆ ಹತ್ತಿರದ ಹಿಮ್ಮುರಿ ತಿರುವಿನಲ್ಲಿ ಒಂದೇ ಸಲಕ್ಕೆ ತಿರುಗುವಷ್ಟು ಗಿಡ್ಡ. ಆದರೆ ಆರ್‌ಸಿಯಲ್ಲಿ ಪೆಟ್ರೋಲ್ ಅಂತ ಇದೆ, ಬಾನೆಟ್ ಎತ್ತಿದರೆ ಒಳಗೆ ಡೀಸೆಲ್ ಎಂಜಿನ್. "ಎಲ್ಲರೂ ಹೀಗೇ ಓಡಿಸೋದು ಸಾರ್" ಅಂದರು ಮಾರುವವರು. ಓಡಿಸಬಹುದು. ಆದರೆ 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಿ ನೋಂದಣಿ ನವೀಕರಿಸಬೇಕು. ತಯಾರಕರ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಯಾರಾದರೂ ಕೈ ಅಡ್ಡ ಹಾಕಿದರೆ ಅಮ್ಮನನ್ನು ಕೂರಿಸಿಕೊಂಡು ವಾದ ಮಾಡುವ ಮನಸ್ಸು ನನಗಿರಲಿಲ್ಲ.

ಎರಡನೆಯದು 1.3 ಲೀಟರ್ ಎಂಜಿನ್ನಿನ ಜಿಪ್ಸಿ. ಹಗುರ, ಕೆಸರಿನಲ್ಲಿ ಹೂತರೂ ನಾಲ್ಕು ಜನ ತಳ್ಳಿ ಎತ್ತಬಹುದು. ವೀಲ್‌ಬೇಸ್ 2375 ಮಿಲಿಮೀಟರ್. ಎಂಜಿನ್ ಮೆತ್ತಗೆ, ಸ್ಟೇರಿಂಗ್ ಹಗುರ. ಆದರೆ ನಾಲ್ಕೂ ಕಡೆ ಇರುವ ಪಟ್ಟಿಗಳು ಭಾರ ಹೊರಲು ಮಾಡಿದಂಥವು. ಒಬ್ಬಿಬ್ಬರೇ ಕೂತು ಓಡಿಸಿದರೆ ಗಟ್ಟಿ ಅನ್ನಿಸುವುದು ಆ ಗಾಡಿಯ ಜಾಯಮಾನ. ಪೆಟ್ರೋಲ್ ಖರ್ಚನ್ನೂ ಲೆಕ್ಕ ಹಾಕಿದೆ.

ಮೂರನೆಯದು ಎಂಎಂ 540. 91 ಇಂಚಿನ ವೀಲ್‌ಬೇಸ್, 2112 ಸಿಸಿಯ ಪ್ಯೂಜೊ ಡೀಸೆಲ್ ಎಂಜಿನ್. ಶಕ್ತಿ ಅರವತ್ತು ಚಿಲ್ಲರೆ ಅಶ್ವಶಕ್ತಿ ಮಾತ್ರ. ಓಟಕ್ಕೆ ಸಾಲದು, ಏರಿಗೆ ಸಾಕು. ಚಾಸಿಸ್ ನಂಬರು ಆರ್‌ಸಿಗೆ ಹೊಂದುತ್ತಿತ್ತು. ಮೇಸ್ತ್ರಿ ಎಂಜಿನ್ ನೋಡಲೇ ಇಲ್ಲ. ಸೀದಾ ಗಾಡಿಯ ಅಡಿಗೆ ಮಲಗಿದರು. "ಎಂಜಿನ್ ಬಿಚ್ಚಿ ಕಟ್ಟಬಹುದು, ಚಾಸಿಸ್ ತುಕ್ಕು ಹಿಡಿದ್ರೆ ಏನು ಕಟ್ಟೋದು?" ಅಂತ ಅಡಿಯಿಂದಲೇ ಹೇಳಿದರು. ಶ್ಯಾಕಲ್ ಕೂರುವ ಜಾಗ, ಸ್ಪ್ರಿಂಗ್ ಹ್ಯಾಂಗರ್ ವೆಲ್ಡ್ ಆದ ಜಾಗ, ಸ್ಟೇರಿಂಗ್ ಬಾಕ್ಸ್ ಬೋಲ್ಟ್ ಆದ ಜಾಗ, ಇವಿಷ್ಟನ್ನೂ ಸುತ್ತಿಗೆಯಲ್ಲಿ ತಟ್ಟಿ ಸದ್ದು ಕೇಳಿದರು. ಹಳೇ ಜೀಪು ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ.

ಗಿಡ್ಡ ವೀಲ್‌ಬೇಸ್ ಯಾಕೆ ಬೇಕು ಅಂತ ಅಣ್ಣ ಕೇಳಿದ್ದ. "ಉದ್ದದ ಗಾಡಿ ಆದ್ರೆ ಅಮ್ಮ ಕಾಲು ಚಾಚಿ ಮಲಗಬಹುದಲ್ಲ?" ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ನಮ್ಮ ಹಳ್ಳದ ದಾಟಿನಲ್ಲಿದೆ. ಅಲ್ಲಿ ಹಳ್ಳ ಹತ್ತಿದ ಕೂಡಲೇ ಒಂದು ದಿಬ್ಬ. ಮುಂದಿನ ಚಕ್ರ ಆಚೆ, ಹಿಂದಿನ ಚಕ್ರ ಈಚೆ ಇರುವಾಗ ಹೊಟ್ಟೆ ನೆಲಕ್ಕೆ ತಾಗಬಾರದು. ನಡುವೆ 200 ಮಿಲಿಮೀಟರ್ ಎತ್ತರ ಇದೆ ಅಂದುಕೊಳ್ಳಿ. 80 ಇಂಚಿನ ಗಾಡಿ ಸುಮಾರು 22 ಡಿಗ್ರಿಯ ದಿಬ್ಬ ದಾಟುತ್ತದೆ, 91 ಇಂಚಿನದು ಸುಮಾರು 20 ಡಿಗ್ರಿ, 2750 ಮಿಲಿಮೀಟರ್ ಉದ್ದದ್ದು 16 ಡಿಗ್ರಿ ಚಿಲ್ಲರೆಗೇ ಕೂತುಬಿಡುತ್ತದೆ. ಉದ್ದದ ಗಾಡಿ ದಾಟಬೇಕಾದರೆ ಅದನ್ನು ಎತ್ತರಿಸಬೇಕು. ಎತ್ತರಿಸಿದರೆ ಸೊಂಟ ಮುರಿದವರು ಹತ್ತುವುದು ಹೇಗೆ?

ಆದರೆ ಗಿಡ್ಡದ್ದಕ್ಕೂ ಅದರದ್ದೇ ದಂಡ ಇದೆ. ಗಂಟೆಗೆ 15 ಕಿಲೋಮೀಟರಿನಲ್ಲಿ ಹೋಗುವಾಗ 80 ಇಂಚಿನ ಜೀಪಿನ ಮುಂದಿನ ಚಕ್ರ ಗುಂಡಿಗೆ ಬಿದ್ದ ಅರ್ಧ ಸೆಕೆಂಡಿನೊಳಗೆ ಹಿಂದಿನದೂ ಬೀಳುತ್ತದೆ. ಮೂತಿ ಏಳುವಾಗಲೇ ಬಾಲ ಇಳಿಯುತ್ತದೆ. ಕುದುರೆ ಓಡಿದ ಹಾಗೆ ಗಾಡಿ ತಲೆ ಹಾಕುತ್ತದೆ. 91 ಇಂಚು ಅಂದರೆ ಹನ್ನೊಂದೇ ಇಂಚು ಹೆಚ್ಚು, ಆದರೂ ಒಂದಿಷ್ಟು ಉಸಿರು ಸಿಗುತ್ತದೆ. ಹೀಗೆ ದಿಬ್ಬ ಒಂದು ಕಡೆ, ಸೊಂಟ ಇನ್ನೊಂದು ಕಡೆ ಇಟ್ಟು ತೂಗಿ 540 ತಂದೆ.

ಮೊದಲ ಸವಾರಿಯಲ್ಲೇ ಸೋತೆ. ಹಿಂದಿನ ಮಾಲೀಕರು ಮೆಣಸು, ಗೊಬ್ಬರ ಹೊರಲು ಹಿಂದೆ ಹೆಚ್ಚುವರಿ ಪಟ್ಟಿ ಸೇರಿಸಿದ್ದರು. ಚಂದಕ್ಕೆ ಅಂತ ಉದ್ದದ ಶ್ಯಾಕಲ್ ಬೇರೆ. ಮನೆಯಿಂದ ಡಾಂಬರಿಗೆ ಬರುವಷ್ಟರಲ್ಲಿ ಅಮ್ಮ ಒಂದು ಮಾತೂ ಆಡಲಿಲ್ಲ. ಮುಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಸೀಟಿನಿಂದ ಸ್ವಲ್ಪ ಎದ್ದೇ ಕೂತಿದ್ದಳು. ರಾತ್ರಿ ಬಿಸಿನೀರಿನ ಚೀಲ ಕೇಳಿದಳು. ಅಣ್ಣನಿಗೆ ಫೋನಿನಲ್ಲಿ ಮಾತ್ರ "ಆರಾಮಾಗಿ ಹೋಗಿ ಬಂದ್ವಿ" ಅಂದಳು. ಅವಳು ಸುಳ್ಳು ಹೇಳಿದ್ದು ಮನೆಯಲ್ಲಿ ಉಳಿಯುವುದಕ್ಕೆ. ಆ ಸುಳ್ಳನ್ನು ನಿಜ ಮಾಡುವುದು ನನ್ನ ಕೆಲಸವಾಯಿತು.

ಮರುದಿನ ಮೇಸ್ತ್ರಿಯ ಶೆಡ್ಡಿನಲ್ಲಿ ಪಟ್ಟಿ ಬಿಚ್ಚಿದೆವು. ಹಿಂದೆ ಒಂದೊಂದು ಕಡೆ 11 ಪಟ್ಟಿ. ಅದರಲ್ಲಿ ಎರಡು ಯಾವುದೋ ಬೇರೆ ಗಾಡಿಯವು, ಕಣ್ಣಿಗೇ ಕಾಣುವಷ್ಟು ದಪ್ಪ. ಅಲ್ಲಿ ನನಗೆ ಗೊತ್ತಾದದ್ದು, ಪಟ್ಟಿಯ ಸಂಖ್ಯೆ ಎಣಿಸಿದರೆ ಸಾಲದು, ದಪ್ಪ ಅಳೆಯಬೇಕು. ಪಟ್ಟಿಯ ಬಿಗಿ ಅದರ ದಪ್ಪದ ಘನಕ್ಕೆ ತಕ್ಕ ಹಾಗೆ ಏರುತ್ತದೆ. ಆರನ್ನು ಮೂರು ಸಲ ಗುಣಿಸಿ, 216. ಎಂಟನ್ನು ಮೂರು ಸಲ ಗುಣಿಸಿ, 512. ಅಂದರೆ ಅಷ್ಟೇ ಉದ್ದ ಅಗಲದ, 8 ಮಿಲಿಮೀಟರಿನ ಒಂದು ಪಟ್ಟಿ 6 ಮಿಲಿಮೀಟರಿನ ಎರಡು ಪಟ್ಟಿಗಿಂತ ಗಟ್ಟಿ. ಮೆತ್ತಗೆ ಬೇಕೆಂದರೆ ತೆಳು ಪಟ್ಟಿ ಹೆಚ್ಚು ಇರಬೇಕು, ದಪ್ಪ ಪಟ್ಟಿ ಇರಬಾರದು.

ಎರಡನೇ ಶತ್ರು ತುಕ್ಕು. ಗುಂಡಿ ಬಂದಾಗ ಪಟ್ಟಿಗಳು ಒಂದರ ಮೇಲೊಂದು ಜಾರಿದರೆ ಮಾತ್ರ ಸ್ಪ್ರಿಂಗ್ ಬಾಗುತ್ತದೆ. ನಮ್ಮ ಮಳೆಯಲ್ಲಿ ಅವು ತುಕ್ಕು ಹಿಡಿದು ಅಂಟಿಕೊಂಡು ಸಣ್ಣ ಗುಂಡಿಗಳಿಗೆ ಒಂದೇ ಕಬ್ಬಿಣದ ತೊಲೆಯಂತೆ ವರ್ತಿಸುತ್ತವೆ. ಒಂದೊಂದನ್ನೂ ವೈರ್ ಬ್ರಷ್ಷಿನಲ್ಲಿ ಉಜ್ಜಿ, ತುದಿಗಳ ಚೂಪು ಮೂಲೆ ತೀಡಿ, ಗ್ರೀಸ್ ಹಚ್ಚಿ ಜೋಡಿಸಿದೆವು. ಒಂದು ದಿನ ಪೂರ್ತಿ ಹಿಡಿಯಿತು. ಖರ್ಚು ಹೆಚ್ಚೇನಿಲ್ಲ.

ಉದ್ದದ ಶ್ಯಾಕಲ್ ತೆಗೆಯಲು ನನಗೆ ಮನಸ್ಸಿರಲಿಲ್ಲ. ಎತ್ತರ ಇದ್ದರೆ ಹಳ್ಳಕ್ಕೆ ಒಳ್ಳೆಯದಲ್ಲವೇ ಅಂದೆ. ಮೇಸ್ತ್ರಿ ನಕ್ಕರು. ಶ್ಯಾಕಲ್ ಎರಡು ಇಂಚು ಉದ್ದ ಮಾಡಿದರೆ ಗಾಡಿ ಏಳುವುದು ಒಂದೇ ಇಂಚು. ಪಟ್ಟಿಯ ಇನ್ನೊಂದು ತುದಿ ಇದ್ದಲ್ಲೇ ಇರುತ್ತದಲ್ಲ. ಈ ಜೀಪಿನಲ್ಲಿ ಮುಂದಿನ ಪಟ್ಟಿಯ ಶ್ಯಾಕಲ್ ಮೂತಿಯ ಕಡೆ ಇರುವುದರಿಂದ, ಅದನ್ನು ಉದ್ದ ಮಾಡಿದರೆ ಆಕ್ಸಲ್ ಮುಂದಕ್ಕೆ ವಾಲುತ್ತದೆ. ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವ ಗುಣ, ಅಂದರೆ ಕ್ಯಾಸ್ಟರ್, ಕಡಿಮೆಯಾಗುತ್ತದೆ. ಡಾಂಬರಿಗೆ ಬಂದು ವೇಗ ಹಿಡಿದ ಕೂಡಲೇ ಚಕ್ರ ನಡುಗುವುದು ಹಲವು ಸಲ ಇದರಿಂದಲೇ. ಹಿಂದಿನ ಆಕ್ಸಲ್ಲಿಗೂ ಕಷ್ಟ ಇದೆ. ಗಿಡ್ಡ ಜೀಪಿನ ಪ್ರೊಪೆಲ್ಲರ್ ಶಾಫ್ಟ್ ಗಿಡ್ಡ. ಸ್ವಲ್ಪ ಎತ್ತರಿಸಿದರೂ ಅದರ ಕೋನ ಹೆಚ್ಚಾಗಿ ಕ್ರಾಸ್ ಬೇರಿಂಗ್ ಬೇಗ ಹೋಗುತ್ತದೆ. ಮೂಲ ಅಳತೆಯ ಶ್ಯಾಕಲ್, ಹೊಸ ಬುಷ್ ಹಾಕಿಸಿದೆ. ಬುಷ್‌ನ ಬೋಲ್ಟನ್ನು ಜೀಪು ನೆಲಕ್ಕಿಳಿಸಿ ಭಾರ ಬಿದ್ದ ಮೇಲೆಯೇ ಪೂರ್ತಿ ಬಿಗಿಯಬೇಕು. ಜಾಕಿಯ ಮೇಲೆ ಬಿಗಿದರೆ ರಬ್ಬರು ತಿರುಚಿಕೊಂಡೇ ಕೂತು ಬೇಗ ಹರಿಯುತ್ತದೆ.

ಆಮೇಲೆ ನಾನು ಅತಿಬುದ್ಧಿ ಮಾಡಿದೆ. ದಪ್ಪ ಪಟ್ಟಿ ಎರಡು ತೆಗೆದದ್ದಕ್ಕೆ ಇಷ್ಟು ಮೆತ್ತಗಾದರೆ, ಇನ್ನೂ ಎರಡು ತೆಗೆದರೆ ಹೇಗೆ? ಮೇಸ್ತ್ರಿ ಬೇಡ ಅಂದರೂ ಹಿಂದಿನಿಂದ ತೆಗೆಸಿದೆ. ಖಾಲಿ ಗಾಡಿ ತೊಟ್ಟಿಲಿನ ಹಾಗೆ ಹೋಯಿತು. ಮರುವಾರ ಹಿಂದೆ ಮೂರು ಜನ, ಎರಡು ಮೂಟೆ ಗೊಬ್ಬರ. ಹಳ್ಳದಲ್ಲಿ ಆಕ್ಸಲ್ ಮೇಲಿನ ರಬ್ಬರಿಗೆ ಬಡಿದ ಸದ್ದು ಬೆನ್ನುಹುರಿಗೇ ಬಡಿದ ಹಾಗಿತ್ತು. ಏರಿನಲ್ಲಿ ಕ್ಲಚ್ ಬಿಟ್ಟರೆ ಪಟ್ಟಿ ಎಸ್ ಆಕಾರಕ್ಕೆ ತಿರುಚಿ ಗಾಡಿ ಕುಪ್ಪಳಿಸುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಆ ಕುದುರೆ ಓಟ ಜಾಸ್ತಿಯಾಯಿತು.

ಕಾರಣ ಹುಡುಕುತ್ತಾ ಓದಿದಾಗ ಮಾರಿಸ್ ಓಲಿ ಎಂಬ ಎಂಜಿನಿಯರ್ ಸಿಕ್ಕರು. 1930ರ ದಶಕದಲ್ಲಿ ಅಮೆರಿಕದಲ್ಲಿ ಕಾರುಗಳ ಸವಾರಿ ಸುಖದ ಮೇಲೆ ಕೆಲಸ ಮಾಡಿದವರು. ಮುಂದಿನ ಸ್ಪ್ರಿಂಗ್ ಹಿಂದಿನದಕ್ಕಿಂತ ನಿಧಾನಕ್ಕೆ ತೂಗಬೇಕು ಅನ್ನುವುದು ಅವರು ಕಂಡುಕೊಂಡ ಸೂತ್ರ. ಹಿಂದಿನ ಚಕ್ರಕ್ಕೆ ಗುಂಡಿ ತಡವಾಗಿ ಬರುತ್ತದೆ. ಅದರ ತೂಗಾಟ ಬೇಗ ಇದ್ದರೆ ಮುಂದಿನದನ್ನು ಹಿಡಿದುಕೊಂಡು ಗಾಡಿ ಸಮನಾಗಿ ಏಳುತ್ತದೆ, ಇಳಿಯುತ್ತದೆ. ನಾನು ಮಾಡಿದ್ದು ತದ್ವಿರುದ್ಧ. ಹಿಂದೆ ಸಡಿಲ ಮಾಡಿ ಮುಂದೆ ತುಕ್ಕು ಹಿಡಿದ ಪಟ್ಟಿಯನ್ನು ಹಾಗೇ ಬಿಟ್ಟಿದ್ದೆ.

ತೆಗೆದ ಎರಡನ್ನೂ ಹಿಂದೆ ವಾಪಸ್ ಹಾಕಿಸಿ, ಮುಂದಿನ ಪಟ್ಟಿಗಳನ್ನು ಬಿಚ್ಚಿ ಉಜ್ಜಿ ಗ್ರೀಸ್ ಮಾಡಿದೆವು. ಶಾಕ್ ಅಬ್ಸಾರ್ಬರ್ ನಾಲ್ಕೂ ಹೊಸದು, ಸಾಧಾರಣ ಬಿಗಿಯವು. ಭಾರ ಹೊರುವುದು ಪಟ್ಟಿ, ಶಾಕಿನ ಕೆಲಸ ತೂಗಾಟ ನಿಲ್ಲಿಸುವುದು ಮಾತ್ರ. ಗಟ್ಟಿ ಶಾಕ್ ಹಾಕಿಸಿದರೆ ಜಲ್ಲಿಯ ಪ್ರತಿ ಕಲ್ಲೂ ಸೀಟಿಗೆ ಬರುತ್ತದೆ. ಟೈರಿನ ಗಾಳಿಯನ್ನು ಮನೆ ದಾರಿಯಲ್ಲಿ ಸ್ವಲ್ಪ ಇಳಿಸುತ್ತೇನೆ. ತೀರಾ ಇಳಿಸುವುದಿಲ್ಲ, ಟ್ಯೂಬ್ ಟೈರು ರಿಮ್ಮಿನ ಮೇಲೆ ಜಾರಿದರೆ ವಾಲ್ವು ಕಿತ್ತು ಬರುತ್ತದೆ. ಯು ಬೋಲ್ಟುಗಳನ್ನು ಕೆಲವು ನೂರು ಕಿಲೋಮೀಟರ್ ಆದ ಮೇಲೆ ಮತ್ತೊಮ್ಮೆ ಬಿಗಿಸಿದೆ. ಅಮ್ಮ ಕೂರುವುದು ಯಾವಾಗಲೂ ಮುಂದೆ. ಹಿಂದಿನ ಬೆಂಚು ಆಕ್ಸಲ್ಲಿನ ನೆತ್ತಿಯ ಮೇಲಿದೆ, ಮುಂದಿನ ಸೀಟು ಎರಡು ಚಕ್ರದ ನಡುವೆ. ಯಾವ ಸ್ಪ್ರಿಂಗೂ ಕೊಡದ ಸುಖವನ್ನು ಆ ಜಾಗ ಬಿಟ್ಟಿಯಾಗಿ ಕೊಡುತ್ತದೆ.

ಎಲ್ಲ ಮುಗಿದ ಮೇಲೆ ಹೋದ ಮೊದಲ ದಿನ ಅಮ್ಮ ಕಂಬಿಯನ್ನು ಒಂದೇ ಕೈಯಲ್ಲಿ ಹಿಡಿದಿದ್ದಳು. ಇನ್ನೊಂದು ಕೈಯಲ್ಲಿ ಎಲೆ ಅಡಿಕೆ ಚೀಲ. ನಾನು ಅದನ್ನೇ ನೋಡುತ್ತಾ ಒಂದು ಗುಂಡಿಗೆ ಇಳಿಸಿಬಿಟ್ಟೆ. "ರಸ್ತೆ ನೋಡು ಮಾರಾಯ" ಅಂದಳು.

ಪತ್ರಿಕೋದ್ಯಮ ಓದುವಾಗ ನಾವೆಲ್ಲ ಹಳ್ಳಿ ರಸ್ತೆಯ ಮೇಲೆ ಒಂದಲ್ಲ ಒಂದು ವರದಿ ಬರೆದವರೇ. ಎಷ್ಟು ಕಿಲೋಮೀಟರ್, ಎಷ್ಟು ಮನೆ, ಎಷ್ಟು ಅರ್ಜಿ ಅಂತ ಲೆಕ್ಕ ಕೊಟ್ಟಿದ್ದೆವು. ಆ ರಸ್ತೆಗೆ ಊರಿನವರು ತಮ್ಮ ಜೇಬಿನಿಂದ ಎಷ್ಟು ಕಟ್ಟುತ್ತಾರೆ ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಬುಷ್, ಪಟ್ಟಿ, ಶಾಕ್, ಕ್ರಾಸ್ ಬೇರಿಂಗ್, ಮೇಸ್ತ್ರಿಯ ದಿನಗೂಲಿ ಇವೆಲ್ಲ ಆಗದ ರಸ್ತೆಯ ತೆರಿಗೆ. ಕಟ್ಟಲಾಗದವರ ಮನೆಯ ಅಮ್ಮಂದಿರು ಒಂದೋ ಕುರ್ಚಿಯಲ್ಲಿ ಬರುತ್ತಾರೆ, ಇಲ್ಲವೇ ಮೂರನೇ ಮಹಡಿಗೆ ಹೋಗುತ್ತಾರೆ.

ಈ ಬೇಸಿಗೆಯಲ್ಲಿ ಇಬ್ಬರು ಬಂದು ಟೇಪು ಹಿಡಿದು ರಸ್ತೆ ಅಳೆದು ಹೋದರು. ಕಾಂಕ್ರೀಟ್ ಆಗುತ್ತದಂತೆ. ಆದರೆ ಜೀಪಿನ ಕೆಲಸ ಮುಗಿಯುತ್ತದೆ, ಆಟೋ ಬರುತ್ತದೆ. ಆಗಲಿ. ಸದ್ಯಕ್ಕೆ ಜೂನ್ ಹತ್ತಿರ ಬಂತು, ಹಿಂದಿನ ಪಟ್ಟಿಗೆ ಗ್ರೀಸ್ ಮಾಡಿಸಬೇಕು. ಅಮ್ಮ ನಿನ್ನೆಯೇ ನೆನಪು ಮಾಡಿದಳು: "ಬಲಗಡೆ ಕಿರಗುಟ್ಟುತ್ತಾ ಇದೆ, ಕೇಳಿಸಲ್ವಾ ನಿಂಗೆ?"