ಲಾಳಕ್ಕೆ ಬೆದರಿದ ಕುದುರೆ

ಮೈಸೂರಿಗೆ ಹೋದವರು 1912ರಲ್ಲಿ ಪೂರ್ಣಗೊಂಡ ಅರಮನೆಯನ್ನು ನೋಡದೆ ಬರುವುದಿಲ್ಲ. ಕಳೆದ ಮಾಘಮಾಸದಲ್ಲಿ ನಾನೂ ನೋಡಿದೆನು. ಆದರೆ ನನ್ನ ಮನಸ್ಸಿನಲ್ಲಿ ನಿಂತುದು ಅದರ ಸಮೀಪದ ಬೀದಿಯೊಂದರ ಮರದ ನೆರಳು. ಅಲ್ಲಿ ಜಟಕಾ ಕುದುರೆಯೊಂದಕ್ಕೆ ಲಾಳ ಕಟ್ಟುವ ಪ್ರಯತ್ನವು ನಡೆದಿತ್ತು.

ಅದರ ಮುಂದಿನ ಬಲಗಾಲಿನ ಲಾಳವು ಕಳಚಿತ್ತು. ಲಾಳ ಕಟ್ಟುವವನು ಸುತ್ತಿಗೆಯನ್ನು ಹೊರತೆಗೆದೊಡನೆಯೇ ಕುದುರೆಯು ಮೈ ನಡುಗಿಸುತ್ತ ಹಗ್ಗವನ್ನು ಜಗ್ಗತೊಡಗಿತು.

"ಹಿಂದೊಬ್ಬ ಮೊಳೆಯನ್ನು ಒಳಮಾಂಸಕ್ಕೆ ತಾಗಿಸಿಬಿಟ್ಟ, ಸ್ವಾಮಿ. ಅಂದಿನಿಂದ ಹೀಗೆ," ಎಂದನು ಜಟಕಾದ ಮುದುಕನು.

"ಕಾಲು ಕಟ್ಟಿ ಹೊಡೆಯಬಾರದೇನಪ್ಪಾ?"

"ಇವತ್ತಿಗೆ ಆಗುತ್ತೆ. ಮುಂದಿನ ಸಲ ಇಬ್ಬರ ಬದಲು ನಾಲ್ಕು ಜನ ಬೇಕಾಗುತ್ತಾರೆ, ಸ್ವಾಮಿ."

ಗೊರಸಿನ ಹೊರಗೋಡೆಯು ನಮ್ಮ ಉಗುರಿನಂಥದು. ಮೊಳೆಯು ಅದರಲ್ಲಿಯೇ ಹಾದರೆ ನೋವಿಲ್ಲ. ಆದರೆ ಕುದುರೆಗೆ ಓಟವೇ ಆತ್ಮರಕ್ಷಣೆ. ಕಾಲನ್ನು ಪರರ ಕೈಗೆ ಕೊಟ್ಟ ಮೇಲೆ ಓಡುವುದೆಂತು? ಗೊರಸು ಬೆಳೆಯುತ್ತಲೇ ಇರುವುದರಿಂದ ಆರೆಂಟು ವಾರಗಳಿಗೊಮ್ಮೆ ಈ ಸಂಕಟವು ತಪ್ಪದು. ಲಾಳವಿಲ್ಲದೆ ಡಾಂಬರು ಬೀದಿಯಲ್ಲಿ ಓಡಿಸಿದರೆ ಗೊರಸು ಸವೆದು ಕುಂಟುವುದು. ಆದುದರಿಂದ ಮುದುಕನು ಸಂಪಾದನೆಯನ್ನು ಬಿಟ್ಟು ಗಾಡಿಯನ್ನು ನಿಲ್ಲಿಸಿದನು.

ಮರುದಿನದಿಂದ ನಾನು ಪ್ರತಿದಿನವೂ ಅಲ್ಲಿಗೆ ಹೋದೆನು. ಮುದುಕನು ಭುಜದಿಂದ ಕೆಳಕ್ಕೆ ನೇವರಿಸುತ್ತ ಬಂದು, ಕಾಲನ್ನು ಕ್ಷಣಮಾತ್ರ ಎತ್ತಿ, ಅದು ಸೆಳೆದುಕೊಳ್ಳುವ ಮೊದಲೇ ಕೆಳಗಿಡುವನು. ಒಡನೆಯೇ ಬೆಲ್ಲದ ಚೂರು. ಎಳೆದಾಡುವಾಗ ಬಿಟ್ಟರೆ ಎಳೆದಾಟವನ್ನೇ ಕಲಿಯುವುದಂತೆ! ದಿನದಿನಕ್ಕೂ ಹಿಡಿಯುವ ಹೊತ್ತು ಬೆಳೆಯಿತು. ಬಳಿಕ ಸಣ್ಣ ಕಲ್ಲಿನಿಂದ ಗೊರಸನ್ನು ಮೆಲ್ಲನೆ ತಟ್ಟಿದನು. ಲಾಳ ಕಟ್ಟುವವನೂ ಬರಿಗೈಯಲ್ಲಿ ಬಂದು ಬೆಲ್ಲವನ್ನು ತಿನ್ನಿಸಿ ಹೋಗುತ್ತಿದ್ದನು.

ವಿರಾಟನಗರದಲ್ಲಿ ಗ್ರಂಥಿಕನೆಂಬ ಹೆಸರಿನಿಂದ ಕುದುರೆಗಳನ್ನು ಪಾಲಿಸಿದ ನಕುಲನ ಕಥೆಯನ್ನು ನಾನು ವರ್ಷವರ್ಷವೂ ಪಾಠ ಹೇಳಿದವನು. ವೃತ್ತಿಯ ಮೊದಲ ವರ್ಷಗಳಲ್ಲಿ, ಶಬ್ದರೂಪಗಳನ್ನು ಒಪ್ಪಿಸುವಾಗ ನನ್ನ ಬೆತ್ತವನ್ನು ಕಂಡೊಡನೆ ಮಾತೇ ನಿಂತುಹೋಗುತ್ತಿದ್ದ ಹುಡುಗನೊಬ್ಬನಿದ್ದನು. ಅದನ್ನು ಹಠವೆಂದು ತಿಳಿದು ಮತ್ತಷ್ಟು ಹೊಡೆದೆನು. ಅವನು ಶಾಲೆಯನ್ನೇ ಬಿಟ್ಟನು. ಆ ಮರದಡಿಯಲ್ಲಿ ಕುಳಿತಿದ್ದಾಗ ಅವನ ಮುಖವು ಬಾರಿಬಾರಿಗೂ ನೆನಪಾಯಿತು.

ಒಂಬತ್ತನೆಯ ದಿನ ಸುತ್ತಿಗೆಯು ಚೀಲದಿಂದ ಹೊರಬಂದಿತು. ಕುದುರೆಯು ಕಿವಿ ನಿಮಿರಿಸಿತು, ಒಮ್ಮೆ ಕಾಲನ್ನು ಸೆಳೆಯಿತು. ಮುದುಕನು ಗದರದೆ ಕುತ್ತಿಗೆಯ ಮೇಲೆ ಕೈಯಿಟ್ಟು ನಿಂತನು. ಒಂದೊಂದು ಮೊಳೆಗೂ ಬಿಡುವು ಕೊಟ್ಟು ಲಾಳವನ್ನು ಕಟ್ಟಿ ಮುಗಿಸಿದರು.

ಮರುದಿನ ನಾನು ಅದೇ ಜಟಕಾದಲ್ಲಿ ಕುಳಿತು ರೈಲು ನಿಲ್ದಾಣಕ್ಕೆ ಹೋದೆನು. ಮುದುಕನ ಕೈಯಲ್ಲಿ ಚಾವಟಿಯಿರಲಿಲ್ಲ.