ಟಾಪ್ ಮೇಲಿನ ದೋಣಿ

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಊರುಕೇರಿಗಳ ಮೇಲೆ ಹರಡಿ ನಿಂತಳು. ಅಲ್ಲಿಂದಾಚೆಗೆ ಸಾಗರದ ಕಡೆಯವರಿಗೆ ಕಾರನ್ನು ದೋಣಿಗೆ ಹತ್ತಿಸುವುದು ಹೊಸತಲ್ಲ. ಹೊಳೆಬಾಗಿಲಿನ ಲಾಂಚಿನಲ್ಲಿ ಬಸ್ಸು, ಜೀಪು, ಸಿಗಂದೂರಿಗೆ ಹೊರಟ ಭಕ್ತರು ಎಲ್ಲ ಒಟ್ಟಿಗೇ. 2025ರ ಜುಲೈನಲ್ಲಿ ಸೇತುವೆ ತೆರೆದು ಲಾಂಚ್ ಕಾಯುವ ಕೆಲಸ ತಪ್ಪಿತು. ಈಗ ದೋಣಿಯೇ ಕಾರು ಹತ್ತಿ ಬರುವ ಕಾಲ. ಹೊನ್ನೇಮರಡುವಿನ ಹಿನ್ನೀರಿಗೋ ತೀರ್ಥಹಳ್ಳಿಯ ತುಂಗೆಗೋ ಹೊರಟ ಕಯಾಕ್ ಅದು. ಬಟ್ಟೆಮಲ್ಲಪ್ಪದಲ್ಲಿ ಚಾಕ್ಕೆ ನಿಲ್ಲಿಸಿದರೆ ಯಾರಾದರೂ ಬಂದು ಮುಟ್ಟಿ ನೋಡಿಯೇ ನೋಡುತ್ತಾರೆ. "ಇದೆಂತ ಮಾರಾಯ್ರೆ, ಮೊಸಳೆ ಹೊತ್ಕೊಂಡು ಹೊರಟ್ರಾ?"

ಹೊರೆ ಕಟ್ಟುವುದನ್ನು ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಜೀಪಿನ ಟಾಪ್ ಮೇಲೆ ಅಡಿಕೆ ಮೂಟೆ, ಬಾಳೆಗೊನೆ, ಮದುವೆಮನೆಯ ಪಾತ್ರೆ, ಕೊನೆ ಕೊಯ್ಯುವ ದೋಟಿ ಏನು ಬೇಕಾದರೂ ಹೋಗುತ್ತದೆ. ಆದರೆ ಅಡಿಕೆ ಮೂಟೆ ತನ್ನ ತೂಕಕ್ಕೆ ತಾನೇ ಕೂತಿರುತ್ತದೆ, ಹಗ್ಗ ಅರ್ಧ ನೆಪಕ್ಕೆ. ಕಯಾಕಿನ ತಾಪತ್ರಯವೆಲ್ಲ ಅದರ ಹಗುರದಲ್ಲಿದೆ. 12 ಅಡಿ ಉದ್ದದ್ದಾದರೂ ತೂಕ 25 ಕಿಲೋ ಆಸುಪಾಸು. ಮೂತಿಯ ಅಡಿಗೆ ಗಾಳಿ ನುಗ್ಗಿತೋ, ಮೇಲೆತ್ತಲು ನೋಡುತ್ತದೆ. ವೇಗ 40ರಿಂದ 80ಕ್ಕೆ ಏರಿದರೆ ಗಾಳಿಯ ಒತ್ತಡ ದುಪ್ಪಟ್ಟಲ್ಲ, ನಾಲ್ಕು ಪಟ್ಟು.

ಆದ್ದರಿಂದ ನಡುವೆ ಎರಡು ಪಟ್ಟಿ ಬಿಗಿದು ಕೈ ತೊಳೆದುಕೊಳ್ಳುವಂತಿಲ್ಲ. ಮೂತಿಯಿಂದ ಮುಂದಿನ ಟೋಯಿಂಗ್ ಹುಕ್ಕಿಗೊಂದು, ಬಾಲದಿಂದ ಹಿಂದಕ್ಕೊಂದು ಹಗ್ಗ ಬೇಕೇ ಬೇಕು. ಪಟ್ಟಿಯನ್ನು ಕ್ಯಾರಿಯರ್‌ನ ಅಡ್ಡಪಟ್ಟಿಗೆ ಸುತ್ತಿ ಕಟ್ಟಬೇಕು. ಎಷ್ಟೋ ಕಾರುಗಳ ಟಾಪಿನ ಎರಡು ಅಂಚಿಗೆ ಹೊಳೆಯುವ ರೈಲುಗಳು ಬರೀ ಶೋಕಿಗೆ ಅಂಟಿಸಿದವು. ಅವನ್ನು ನಂಬಿದವರು ಕೆಟ್ಟರು. ಟಾಪ್ ಎಷ್ಟು ಕಿಲೋ ತಡೆಯುತ್ತದೆಂದು ಕಾರಿನ ಪುಸ್ತಕದಲ್ಲೇ ಬರೆದಿರುತ್ತದೆ, ಕ್ಯಾರಿಯರ್‌ನ ತೂಕವೂ ಅದರಲ್ಲೇ ಸೇರಿತು. ದೋಣಿಯನ್ನು ಬೋರಲು ಹಾಕಿದರೆ ಮಳೆನೀರು ತುಂಬುವುದಿಲ್ಲ. ರ‍್ಯಾಚೆಟ್ ಇದೆಯೆಂದು ಜೀವ ಹೋಗುವ ಹಾಗೆ ಬಿಗಿದರೆ ಪ್ಲಾಸ್ಟಿಕ್ ಹೊಟ್ಟೆ ಒಳಸರಿಯುತ್ತದೆ, ಬಿಸಿಲಿಗೆ ನಿಲ್ಲಿಸಿದರಂತೂ ಇನ್ನೂ ಬೇಗ. ಪಟ್ಟಿಗೆ ಒಂದು ತಿರುವು ಕೊಟ್ಟು ಕಟ್ಟಿ. ಇಲ್ಲದಿದ್ದರೆ ಅದು ಗಾಳಿಗೆ ಮಿಡಿದು, ತೀರ್ಥಹಳ್ಳಿ ಮುಟ್ಟುವವರೆಗೂ ತಂಬೂರಿಯ ಶ್ರುತಿ ಕೇಳುತ್ತ ಕೂರಬೇಕು. (ಸಂಗೀತದ ರುಚಿ ಇದ್ದವರಿಗೂ ಅದು ಹಿಡಿಸಲಿಕ್ಕಿಲ್ಲ.)

ಹೊಸನಗರದ ಮಳೆಯ ವಿಷಯವೇ ಬೇರೆ. ನೈಲಾನ್ ಹಗ್ಗ ನೆನೆದರೆ ಹಿಗ್ಗಿ ಜೋಲುತ್ತದೆ. ಹೊರಡುವಾಗ ವೀಣೆಯ ತಂತಿಯಂತಿದ್ದದ್ದು ನಗರವೆಂಬ ಊರು ದಾಟುವಷ್ಟರಲ್ಲಿ ಬಟ್ಟೆ ಒಣಗಿಸಲಿಕ್ಕೂ ಸಾಲದು. ಪಾಲಿಯೆಸ್ಟರ್ ಪಟ್ಟಿ ವಾಸಿ. ಹುಲಿಕಲ್ ಘಾಟಿಯ ತಿರುವುಗಳಲ್ಲಿ ಟಾಪ್ ಮೇಲಿನ ಹೊರೆ ಕಾರನ್ನು ಹೊರಬದಿಗೆ ವಾಲಿಸುತ್ತದೆ, ಅಲ್ಲಿ ಆತುರ ಸಲ್ಲ. ಊರಿನ ತಗ್ಗು ಕಮಾನು, ರಸ್ತೆಗೆ ಬಾಗಿದ ಹಲಸಿನ ಕೊಂಬೆಗಳಿಗೂ ನಿಮ್ಮ ಕಾರು ಈಗ ಎತ್ತರವಾಗಿದೆಯೆಂದು ಗೊತ್ತಿರುವುದಿಲ್ಲ.

ಹೊರಟ ಐದಾರು ಕಿಲೋಮೀಟರಿಗೆ ಒಮ್ಮೆ ಇಳಿದು ಕೈಯಿಂದ ಅಲ್ಲಾಡಿಸಿ ನೋಡುವುದು ಒಳ್ಳೆಯದು. ಟಾಪ್ ಮೇಲೆ ಏನಾಗುತ್ತಿದೆ ಎಂಬುದು ಸ್ಟೇರಿಂಗ್ ಹಿಡಿದವನಿಗೆ ಕಾಣುವುದಿಲ್ಲ, ಹಿಂದೆ ಬರುವವರಿಗೆ ಕಾಣುತ್ತದೆ. ಎಲ್ಲಾದರೂ ಕಾರಿನ ಮೇಲಿನ ದೋಣಿಯ ಹಗ್ಗ ಸಡಿಲಾಗಿ ಹಾರಾಡುತ್ತಿದ್ದರೆ, ಸ್ವಲ್ಪ ದೂರ ಕಾಯ್ದುಕೊಂಡು ಒಂದು ಹಾರ್ನ್ ಹೊಡೆದು ನಿಲ್ಲಿಸಿ ಹೇಳಿ.